ಆಟಿಸಂ ಇರುವ ಮಗು ‘ಮಾಡಲ್ಲ’ ಅಂದಾಗ

‘ಪುಸ್ತಕ ತೆಗೀತೀಯಾ?’ ಎಂದು ಟೀಚರ್ ಕೇಳುತ್ತಾರೆ. ಎಂಟು ವರ್ಷದ ಹುಡುಗ ‘ಇಲ್ಲ’ ಎನ್ನುತ್ತಾನೆ. ಕ್ಲಾಸಿಗೆ ಕ್ಲಾಸೇ ನಗುತ್ತದೆ. ಟೀಚರ್ ಮುಖ ಕೆಂಪಾಗುತ್ತದೆ. ಸಂಜೆ ಡೈರಿಯಲ್ಲಿ ‘ಎದುರು ಮಾತಾಡುತ್ತಾನೆ, ಹೇಳಿದ್ದು ಕೇಳುವುದಿಲ್ಲ’ ಎಂಬ ಸಾಲು ಮನೆಗೆ ಬರುತ್ತದೆ. ಆ ಹುಡುಗನಿಗೆ ಆಟಿಸಂ ಇದೆ, ಅಂದರೆ ಮಾತುಕತೆ, ಜನರ ಜೊತೆ ಬೆರೆಯುವುದು, ಸುತ್ತಲಿನದನ್ನು ಗ್ರಹಿಸುವುದು ಬೇರೆ ಥರ ಇರುವ ಬೆಳವಣಿಗೆಯ ಸ್ಥಿತಿ. ಅವನ ಕಿವಿಗೆ ಬಿದ್ದದ್ದು ಒಂದು ಪ್ರಶ್ನೆ. ಪುಸ್ತಕ ತೆಗೆಯುವ ಯೋಚನೆ ಅವನಿಗಿರಲಿಲ್ಲ. ಹಾಗಾಗಿ ನಿಜವನ್ನೇ ಹೇಳಿದ. ‘ಗಣಿತದ ಪುಸ್ತಕ ತೆಗಿ, ಪುಟ 24’ ಎಂದಿದ್ದರೆ ಬಹುಶಃ ತೆಗೆದಿರುತ್ತಿದ್ದ.

ಎಲ್ಲ ಸಂದರ್ಭಗಳೂ ಇಷ್ಟು ಸಲೀಸಾಗಿ ಬಿಡಿಸಿಕೊಳ್ಳುವುದಿಲ್ಲ. ಕಚ್ಚುವ, ಒದೆಯುವ, ಪುಸ್ತಕ ಹರಿಯುವ, ಬಾಗಿಲು ಹಾಕಿಕೊಂಡು ಗಂಟೆಗಟ್ಟಲೆ ಹೊರಗೆ ಬಾರದ ಮಕ್ಕಳಿದ್ದಾರೆ. ಅವರ ಅಮ್ಮಂದಿರ ಕೈ ಮೇಲೆ ಉಗುರಿನ ಗಾಯಗಳಿರುತ್ತವೆ. ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟ ಮನೆಗಳಿವೆ. ಅವರ ಕಷ್ಟ ಸಣ್ಣದಲ್ಲ. ಆದರೂ, ಅಥವಾ ಅದಕ್ಕಾಗಿಯೇ, ಒಂದು ಮಾತನ್ನು ಒತ್ತಿ ಹೇಳಬೇಕು. ಆಟಿಸಂ ಇರುವ ಮಗುವಿನ ‘ಮಾಡಲ್ಲ’ ಹಿಂದೆ ಬಹಳ ಸಲ ಒಂದು ‘ಆಗ್ತಿಲ್ಲ’ ಅಡಗಿರುತ್ತದೆ. ಅದೇನು ಎಂದು ಹುಡುಕದೆ ಬರೀ ಶಿಸ್ತು ಕಲಿಸಲು ಹೊರಟರೆ ಜಗಳ ಬೆಳೆಯುತ್ತದೆಯೇ ಹೊರತು ಮಗು ಏನನ್ನೂ ಕಲಿಯುವುದಿಲ್ಲ.

ಒಡಿಡಿ ಅಂದರೆ ಏನು?

ಡಾಕ್ಟರ ಚೀಟಿಯಲ್ಲಿ ಕೆಲವೊಮ್ಮೆ ಆಟಿಸಂ ಪಕ್ಕದಲ್ಲೇ ‘ಒಡಿಡಿ’ ಎಂದು ಬರೆದಿರುತ್ತದೆ. ಪೂರ್ತಿ ಹೆಸರು ಆಪೊಸಿಷನಲ್ ಡಿಫೈಯಂಟ್ ಡಿಸಾರ್ಡರ್. ದೊಡ್ಡವರ ಮಾತಿಗೆ ಸದಾ ಎದುರು ನಿಲ್ಲುವ, ಬೇಗ ಸಿಡಿಯುವ ಮಕ್ಕಳಿಗೆ ಕೊಡುವ ಹೆಸರು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂನಲ್ಲಿ ಇದು ಮೊದಲು ಕಾಣಿಸಿಕೊಂಡಿದ್ದು 1980ರಲ್ಲಿ. ಈಗಿನ ರೂಪ 2013ರ ಐದನೇ ಆವೃತ್ತಿಯದ್ದು.

ಅದರಲ್ಲಿ ಎಂಟು ಲಕ್ಷಣಗಳಿವೆ, ಮೂರು ಗುಂಪಾಗಿ. ಮೊದಲನೆಯದು ಸಿಟ್ಟಿನದು: ಆಗಾಗ ರೇಗುವುದು, ಸಣ್ಣದಕ್ಕೂ ಮುನಿಯುವುದು, ಒಳಗೊಳಗೇ ಕುದಿಯುತ್ತಿರುವುದು. ಎರಡನೆಯದು ಎದುರು ನಿಲ್ಲುವುದು: ವಾದ ಹಾಕುವುದು, ನಿಯಮ ಮೀರುವುದು, ಬೇಕೆಂದೇ ಕೆಣಕುವುದು, ತನ್ನ ತಪ್ಪನ್ನು ಬೇರೆಯವರ ಮೇಲೆ ಹಾಕುವುದು. ಮೂರನೆಯದು ಹಗೆ ಸಾಧಿಸುವುದು. ಇವುಗಳಲ್ಲಿ ಕನಿಷ್ಠ ನಾಲ್ಕು, ಕನಿಷ್ಠ ಆರು ತಿಂಗಳು ಕಾಣಿಸಬೇಕು. ಅಣ್ಣ ತಂಗಿಯರ ಜೊತೆಗಿನ ಕಿತ್ತಾಟ ಮಾತ್ರ ಇದ್ದರೆ ಲೆಕ್ಕಕ್ಕಿಲ್ಲ. ಐದು ವರ್ಷದ ಒಳಗಿನ ಮಕ್ಕಳಲ್ಲಿ ಹೆಚ್ಚುಕಡಿಮೆ ದಿನವೂ, ಐದು ತುಂಬಿದವರಲ್ಲಿ ವಾರಕ್ಕೊಮ್ಮೆಯಾದರೂ ಇರಬೇಕು. ಹಗೆಯ ವಿಷಯದಲ್ಲಿ ಅಳತೆ ಬೇರೆ, ಆರು ತಿಂಗಳಲ್ಲಿ ಎರಡು ಸಲ ಕಂಡರೂ ಸಾಕು.

ಆಟಿಸಂ ಇರುವವರಲ್ಲಿ ಇದು ಎಷ್ಟು ಸಾಮಾನ್ಯ? ಲಂಡನ್ನಿನ ಮನೋವೈದ್ಯೆ ಎಮಿಲಿ ಸಿಮನಾಫ್ ಮತ್ತು ಅವರ ತಂಡ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಆಟಿಸಂ ಇರುವ, 10ರಿಂದ 14 ವರ್ಷದ 112 ಮಕ್ಕಳನ್ನು ಅವರು ನೋಡಿದ್ದರು. ಸುಮಾರು ಶೇ 28ರಷ್ಟು ಮಕ್ಕಳಲ್ಲಿ ಒಡಿಡಿ ಲಕ್ಷಣಗಳು ಕಂಡವು. ಬೇರೆ ಜನರ ನಡುವೆ ಹುಟ್ಟುವ ಆತಂಕ ಶೇ 29, ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ) ಶೇ 28. ಶೇ 70ರಷ್ಟು ಮಕ್ಕಳಲ್ಲಿ ಆಟಿಸಂ ಜೊತೆಗೆ ಇನ್ನೊಂದಾದರೂ ತೊಂದರೆ ಇತ್ತು.

ಈ ಅಂಕಿಗಳನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಒಡಿಡಿಯ ಪಟ್ಟಿ ಹೊರಗೆ ಕಾಣುವ ನಡವಳಿಕೆಯನ್ನು ಎಣಿಸುತ್ತದೆ. ಆ ನಡವಳಿಕೆ ಯಾಕೆ ಬಂತು ಎಂದು ಅದು ಕೇಳುವುದಿಲ್ಲ. ‘ದೊಡ್ಡವರ ಜೊತೆ ವಾದ ಹಾಕುತ್ತಾನೆ’ ಎಂಬುದನ್ನೇ ತೆಗೆದುಕೊಳ್ಳಿ. ‘ಈಗ ಒಂಬತ್ತು ಗಂಟೆ’ ಎಂದ ಮೇಷ್ಟ್ರಿಗೆ ‘ಅಲ್ಲ, ಒಂಬತ್ತು ಗಂಟೆ ನಾಲ್ಕು ನಿಮಿಷ’ ಎಂದು ತಿದ್ದುವ ಹುಡುಗಿ ಅವರನ್ನು ಅವಮಾನ ಮಾಡಲು ಹೊರಟಿಲ್ಲ. ತಪ್ಪು ಮಾಹಿತಿ ಅವಳಿಗೆ ಸಹಿಸಲು ಆಗುವುದಿಲ್ಲ. ಮೇಷ್ಟ್ರು ಮೇಲೆ, ತಾನು ಕೆಳಗೆ ಎಂಬ ಮೆಟ್ಟಿಲು ನಮ್ಮ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿ ಅವಳಿಗೆ ಕಾಣುವುದೂ ಇಲ್ಲ. ‘ಬೇಕೆಂದೇ ಕೆಣಕುತ್ತಾನೆ’ ಎಂಬುದೂ ಹಾಗೆಯೇ. ತಮ್ಮನನ್ನು ತಳ್ಳಿದರೆ ಪ್ರತಿ ಸಲವೂ ಒಂದೇ ಥರ ಕಿರುಚುತ್ತಾನೆ. ಜಗತ್ತಿನಲ್ಲಿ ಇಷ್ಟು ಖಾತ್ರಿಯಾಗಿ ನಡೆಯುವ ಸಂಗತಿ ಇನ್ನೊಂದಿಲ್ಲ ಎಂದು ಮಗುವಿಗೆ ಅನ್ನಿಸಿರಬಹುದು. ತಮ್ಮನಿಗೆ ನೋವಾಗುವುದು ನಿಜ, ಅದನ್ನು ನಿಲ್ಲಿಸಲೇಬೇಕು. ಆದರೆ ಕಾರಣ ದ್ವೇಷವಲ್ಲ. ಕಾರಣ ಬೇರೆಯಾದರೆ ಪರಿಹಾರವೂ ಬೇರೆ.

ಇನ್ನೊಂದು ವಿಷಯ. ಒಡಿಡಿಯ ಮೂರು ಗುಂಪುಗಳು ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಬ್ರಿಟನ್ನಿನ ಸಂಶೋಧಕರಾದ ಸ್ಟ್ರಿಂಗಾರಿಸ್ ಮತ್ತು ಗುಡ್‌ಮನ್ 2009ರಲ್ಲಿ ಸಾಮಾನ್ಯ ಮಕ್ಕಳ ಬಗ್ಗೆ ಇದನ್ನು ತೋರಿಸಿದರು. ಸಿಟ್ಟಿನ ಗುಂಪಿನ ಲಕ್ಷಣಗಳು ಮುಂದೆ ಖಿನ್ನತೆ, ಆತಂಕದ ಕಡೆಗೆ ಹೆಚ್ಚು ವಾಲುತ್ತವೆ. ಅಂದರೆ ಸದಾ ರೇಗುವ ಮಗುವನ್ನು ಕಂಡಾಗ ‘ಎಷ್ಟು ಸೊಕ್ಕು’ ಎಂಬುದಕ್ಕಿಂತ ‘ಇದಕ್ಕೆ ಯಾವುದರ ಭಯ?’ ಎಂಬ ಪ್ರಶ್ನೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

‘ಆಗ್ತಿಲ್ಲ’ ಎಲ್ಲೆಲ್ಲಿ ಅಡಗಿರುತ್ತದೆ

ಮೊದಲು ಮೈಯನ್ನು ನೋಡಿ. ಹಲ್ಲು ನೋವು, ಕಿವಿ ಸೋಂಕು, ಮಲಬದ್ಧತೆ, ನಿದ್ದೆ ಇಲ್ಲದಿರುವುದು, ಹುಡುಗಿಯರಲ್ಲಿ ಮುಟ್ಟಿನ ಹೊಟ್ಟೆನೋವು. ಮಾತು ಬಾರದ ಮಗು ನೋವನ್ನು ಹೇಳುವುದು ಹೇಗೆ? ತಲೆ ಚಚ್ಚಿಕೊಂಡು, ಊಟದ ತಟ್ಟೆ ಎಸೆದು ಹೇಳುತ್ತದೆ. ಮಾತು ಬರುವ ಮಕ್ಕಳಿಗೂ ಇದು ಕಷ್ಟವೇ. ಹಸಿವು, ನೋವು, ಮೂತ್ರ ಬರುವುದು ಇಂಥ ಒಳಗಿನ ಸೂಚನೆಗಳನ್ನು ಗುರುತಿಸುವುದು ಆಟಿಸಂ ಇರುವ ಅನೇಕರಿಗೆ ಸುಲಭವಲ್ಲ. ಏನೋ ಸರಿಯಿಲ್ಲ ಎಂದಷ್ಟೇ ಗೊತ್ತಾಗುತ್ತದೆ. ನಿನ್ನೆವರೆಗೆ ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ರೌದ್ರಾವತಾರ ತಾಳಿದರೆ ಮೊದಲು ಹೋಗಬೇಕಾದ್ದು ಮಕ್ಕಳ ಡಾಕ್ಟರ್ ಮತ್ತು ಹಲ್ಲಿನ ಡಾಕ್ಟರ್ ಹತ್ತಿರ.

ಆಮೇಲೆ ಸದ್ದು, ಬೆಳಕು, ವಾಸನೆ, ಸ್ಪರ್ಶ. ನಮಗೆ ಹಿನ್ನೆಲೆಯಲ್ಲಿ ಕರಗಿಹೋಗುವ ಮಿಕ್ಸಿಯ ಸದ್ದು, ಕುಕ್ಕರ್ ಸೀಟಿ, ಕಲ್ಯಾಣ ಮಂಟಪದ ವಾಲಗ, ಯೂನಿಫಾರ್ಮ್ ಕಾಲರಿನ ಲೇಬಲ್ಲು ಕೆಲವು ಮಕ್ಕಳಿಗೆ ನಿಜವಾಗಿ ನೋವು ಕೊಡುತ್ತವೆ. ಡಿಎಸ್‌ಎಂ 2013ರಿಂದ ಇದನ್ನು ಆಟಿಸಂನ ಲಕ್ಷಣಗಳಲ್ಲೇ ಸೇರಿಸಿದೆ. ‘ಪ್ರೇಯರ್‌ಗೆ ಬಂದು ಸಾಲಿನಲ್ಲಿ ನಿಲ್ಲುವುದಿಲ್ಲ’ ಎಂಬ ದೂರಿನ ಹಿಂದೆ ಮೈಕಿನ ಕೀರಲು ಸದ್ದು ಇರಬಹುದು.

ಆಟಿಸಂ ಇರುವ ಮಕ್ಕಳಿಗೆ ಅನಿಶ್ಚಿತತೆ ಅಂದರೆ ಬಹಳ ಕಷ್ಟ. 1943ರಲ್ಲಿ ಅಮೆರಿಕದಲ್ಲಿ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇರುವ 11 ಮಕ್ಕಳ ಬಗ್ಗೆ ಬರೆದಾಗಲೇ, ಎಲ್ಲವೂ ಇದ್ದ ಹಾಗೇ ಇರಬೇಕು ಎಂಬ ಅವರ ತೀವ್ರ ಬಯಕೆಯನ್ನು ಗುರುತಿಸಿದ್ದರು. ನಮ್ಮ ಮನೆಗಳಲ್ಲಿ ‘ಐದು ನಿಮಿಷ ಇರು’ ಅನ್ನುವುದು ಎಷ್ಟು ಮಾಮೂಲು ಅಲ್ವಾ? ನಾವು ಹೇಳುವುದು ಐದು, ಆಗುವುದು ಇಪ್ಪತ್ತು. ಗಡಿಯಾರ ನೋಡುತ್ತಾ ಕೂತ ಮಗುವಿಗೆ ಆರನೇ ನಿಮಿಷದಲ್ಲಿ ನೆಲವೇ ಕುಸಿದ ಹಾಗಾಗುತ್ತದೆ. ಸ್ಕೂಲ್ ಬಸ್ ಬೇರೆ ರಸ್ತೆಯಲ್ಲಿ ಹೋಯಿತು, ದೋಸೆ ಎಂದವರು ಉಪ್ಪಿಟ್ಟು ಮಾಡಿದರು, ಹೇಳದೆ ಕೇಳದೆ ನೆಂಟರು ಬಂದರು. ನಮಗೆ ಇವು ಸಣ್ಣ ಬದಲಾವಣೆ. ಆ ಮಗು ಇಡೀ ದಿನವನ್ನು ಕಟ್ಟಿಕೊಂಡಿದ್ದೇ ಅವುಗಳ ಮೇಲೆ. ವ್ಯಾನ್ ಸ್ಟೇನ್ಸಲ್ ಮತ್ತು ಜೊತೆಗಾರರು 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ಆಟಿಸಂ ಇರುವ ಮಕ್ಕಳು ಮತ್ತು ಹದಿಹರೆಯದವರಲ್ಲಿ ಸುಮಾರು ಶೇ 40 ಜನರಿಗೆ ಒಂದಲ್ಲ ಒಂದು ಆತಂಕದ ಕಾಯಿಲೆ ಇತ್ತು. ಹೆದರಿದ ಮಗು ಅಮ್ಮನ ಸೆರಗಿನ ಹಿಂದೆ ಅವಿತುಕೊಳ್ಳುತ್ತದೆ ಎಂದೇ ನಾವು ಅಂದುಕೊಂಡಿದ್ದೇವೆ. ಹೆದರಿದ ಮಗು ಹೊಡೆಯುತ್ತದೆ ಕೂಡ.

ಮಾತು ಅರ್ಥವಾಗಲು ಹಿಡಿಯುವ ಸಮಯವೂ ಮುಖ್ಯ. ‘ಶೂ ಹಾಕ್ಕೋ, ಬ್ಯಾಗ್ ತಗೋ, ನೀರಿನ ಬಾಟಲ್ ಎಲ್ಲಿ, ಬೇಗ ಬಾ’ ಎಂದು ಒಂದೇ ಉಸಿರಿಗೆ ಹೇಳುತ್ತೇವೆ. ಮಗು ಇನ್ನೂ ಶೂ ಬಗ್ಗೆ ಯೋಚಿಸುತ್ತಿರುತ್ತದೆ. ಅಷ್ಟರಲ್ಲಿ ನಾವು ಎರಡನೇ ಸಲ, ಇನ್ನೂ ಜೋರಾಗಿ, ಬೇರೆ ಮಾತುಗಳಲ್ಲಿ ಹೇಳುತ್ತೇವೆ. ಅದರ ಪಾಲಿಗೆ ಅದು ಹೊಸ ಮಾತು. ಮತ್ತೆ ಮೊದಲಿಂದ ಶುರು. ಜೊತೆಗೆ ಎಡಿಎಚ್‌ಡಿಯೂ ಇದ್ದರೆ, ಮಾಡಬೇಕು ಎಂದು ಗೊತ್ತಿದ್ದರೂ ಕೆಲಸ ಶುರು ಮಾಡಲು ಆಗುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಇದೆಲ್ಲ ‘ಕೇಳಿಸಿದರೂ ಕೇಳಿಸದ ಹಾಗೆ ಕೂತಿದ್ದಾನೆ’ ಎಂದು ಕಾಣುತ್ತದೆ.

ಇನ್ನು ಕೆಲವು ಮಕ್ಕಳಿದ್ದಾರೆ. ಅವರಿಗೆ ಯಾವುದೇ ಬೇಡಿಕೆ ಬಂದರೂ ಉಸಿರು ಕಟ್ಟಿದ ಹಾಗಾಗುತ್ತದೆ. ಇಷ್ಟದ ಆಟವನ್ನೇ ‘ಆಡು’ ಎಂದು ಹೇಳಿದರೂ ಸಾಕು, ಬೇಡ ಎನ್ನುತ್ತಾರೆ. ನೆಪ ಹೇಳುತ್ತಾರೆ, ಮಾತು ಮರೆಸುತ್ತಾರೆ, ಬೇರೆ ಪಾತ್ರದೊಳಗೆ ಹೊಕ್ಕು ‘ನಾನು ಬೆಕ್ಕು, ಬೆಕ್ಕು ಬರೆಯಲ್ಲ’ ಎನ್ನುತ್ತಾರೆ. ಇಂಗ್ಲೆಂಡಿನ ನಾಟಿಂಗ್ಹ್ಯಾಮ್‌ನಲ್ಲಿ ಎಲಿಜಬೆತ್ ನ್ಯೂಸನ್ 1980ರ ದಶಕದಲ್ಲಿ ಇಂಥ ಮಕ್ಕಳನ್ನು ಗುರುತಿಸಿ ‘ಪ್ಯಾಥಲಾಜಿಕಲ್ ಡಿಮ್ಯಾಂಡ್ ಅವಾಯ್ಡೆನ್ಸ್’ ಎಂದು ಕರೆದರು. 2003ರಲ್ಲಿ ಅವರ ತಂಡದ ಮುಖ್ಯ ಲೇಖನ ಬಂತು. ಪಿಡಿಎ ಎಂಬ ಈ ಹೆಸರು ಡಿಎಸ್‌ಎಂನಲ್ಲಿ ಇಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ಇಲ್ಲ. ಇದು ಬೇರೆಯೇ ಒಂದು ಸ್ಥಿತಿಯೋ ಅಥವಾ ಆಟಿಸಂ ಮತ್ತು ಆತಂಕ ಸೇರಿದಾಗ ಕಾಣುವ ರೂಪವೋ ಎಂಬ ಚರ್ಚೆ ಮುಗಿದಿಲ್ಲ. ಹೆಸರು ಏನೇ ಇರಲಿ, ಇಂಥ ಮಕ್ಕಳ ಮೇಲೆ ಒತ್ತಡ ಹೆಚ್ಚಿಸಿದಷ್ಟೂ ಕೆಲಸ ಕೆಡುತ್ತದೆ. ಮನೆಯವರು ಇದನ್ನು ಡಾಕ್ಟರಿಗಿಂತ ಮೊದಲೇ ಕಂಡುಕೊಂಡಿರುತ್ತಾರೆ.

ಶಾಲೆಯಲ್ಲಿ ದೇವರಂಥ ಮಗು, ಮನೆಯಲ್ಲಿ ಯಾಕೆ ಹೀಗೆ?

ಈ ಪ್ರಶ್ನೆ ಎಷ್ಟೋ ಅಮ್ಮಂದಿರನ್ನು ಅಳಿಸಿದೆ. ಶಾಲೆಯವರು ‘ನಮ್ಮ ಹತ್ತಿರ ಚೆನ್ನಾಗೇ ಇರ್ತಾಳೆ’ ಎನ್ನುತ್ತಾರೆ. ಅದರ ಅರ್ಥ ‘ತಪ್ಪು ನಿಮ್ಮದು’ ಎಂದು. ಆಟಿಸಂ ಇರುವ ಅನೇಕ ಮಕ್ಕಳು, ಅದರಲ್ಲೂ ಹುಡುಗಿಯರು, ಶಾಲೆಯಲ್ಲಿ ಇಡೀ ದಿನ ತಮ್ಮನ್ನು ಬಿಗಿಹಿಡಿದುಕೊಂಡಿರುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಕೈ ಅಲ್ಲಾಡಿಸದೆ ಕೂರುವುದು, ಬೇರೆಯವರು ನಕ್ಕಾಗ ನಗುವುದು, ಇದೆಲ್ಲ ಅವರಿಗೆ ದುಡಿಮೆ. ಬೆಳಗ್ಗೆ ಕೊಟ್ಟ ಕೈಖರ್ಚು ಸಂಜೆಯೊಳಗೆ ಮುಗಿದ ಹಾಗೆ, ತಾಳ್ಮೆ ಪೂರ್ತಿ ಖಾಲಿಯಾಗಿರುತ್ತದೆ. ಮನೆಗೆ ಬಂದು ‘ಕೈಕಾಲು ತೊಳ್ಕೋ’ ಎಂಬ ಮಾತು ಬಿದ್ದದ್ದೇ ತಡ, ಎಲ್ಲ ಹೊರಬರುತ್ತದೆ. ಇಲ್ಲಿ ಸಿಡಿದರೂ ತನ್ನನ್ನು ಯಾರೂ ಬಿಟ್ಟುಹೋಗುವುದಿಲ್ಲ ಎಂಬ ಭರವಸೆಯೂ ಅದರಲ್ಲಿರುತ್ತದೆ. ಶಾಲೆಯಿಂದ ಬಂದ ಮೊದಲ ಮುಕ್ಕಾಲು ಗಂಟೆ ಪ್ರಶ್ನೆ ಬೇಡ, ಹೋಮ್‌ವರ್ಕ್ ಬೇಡ, ನೆಂಟರು ಬೇಡ. ತಿಂಡಿ ಕೊಟ್ಟು ಸುಮ್ನೆ ಬಿಟ್ಟುಬಿಡಿ. ಇಷ್ಟರಿಂದಲೇ ಸಂಜೆಯ ಜಗಳ ತುಂಬಾ ಕಡಿಮೆಯಾದ ಮನೆಗಳಿವೆ.

ಹಠ ಮತ್ತು ಮೆಲ್ಟ್‌ಡೌನ್ ನಡುವಿನ ವ್ಯತ್ಯಾಸವನ್ನೂ ಇಲ್ಲೇ ಹೇಳಬೇಕು. ಹಠದಲ್ಲಿ ಮಗುವಿಗೆ ಏನೋ ಬೇಕು. ನೀವು ನೋಡುತ್ತಿದ್ದೀರಾ ಎಂದು ನಡುನಡುವೆ ಕಣ್ಣು ಹಾಯಿಸುತ್ತದೆ. ಬೇಕಾದ್ದು ಸಿಕ್ಕರೆ ನಿಲ್ಲುತ್ತದೆ. ಮೆಲ್ಟ್‌ಡೌನ್‌ನಲ್ಲಿ ಮಗುವಿನ ಹಿಡಿತವೇ ತಪ್ಪಿರುತ್ತದೆ. ನೋಡುವವರು ಇರಲಿ ಬಿಡಲಿ, ಬೇಕಾದ್ದು ಕೊಟ್ಟರೂ ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ಬುದ್ಧಿಮಾತು, ಬೆದರಿಕೆ, ‘ಮೂರು ಎಣಿಸ್ತೀನಿ’ ಇವೆಲ್ಲ ಬರೀ ಸದ್ದು. ಮಾತು ನಿಲ್ಲಿಸಿ. ಟಿವಿ, ಫ್ಯಾನ್, ಲೈಟ್ ಆರಿಸಿ. ಚೂಪಾದ, ಒಡೆಯುವ ವಸ್ತು ಪಕ್ಕಕ್ಕಿಡಿ. ಉಳಿದ ಮಕ್ಕಳನ್ನು ಹೊರಗೆ ಕಳಿಸಿ. ಎದುರಿಗೆ ನಿಲ್ಲದೆ ಸ್ವಲ್ಪ ದೂರದಲ್ಲಿ, ಪಕ್ಕಕ್ಕೆ ಕೂತುಕೊಳ್ಳಿ. ಅಪಾಯ ಇಲ್ಲದಿದ್ದರೆ ಮುಟ್ಟಬೇಡಿ. ಮುಗಿದ ಮೇಲೆ ಮಗು ಸುಸ್ತಾಗಿ ಬೀಳುತ್ತದೆ, ಕೆಲವೊಮ್ಮೆ ನಾಚುತ್ತದೆ. ಪಾಠ ಹೇಳುವ ಹೊತ್ತು ಅದೂ ಅಲ್ಲ. ಮಾರನೆಯ ದಿನ ನೋಡಿದರಾಯಿತು. ಹಠವಾಗಿ ಶುರುವಾಗಿದ್ದು ಮೆಲ್ಟ್‌ಡೌನ್ ಆಗಿ ಮುಗಿಯುವುದೂ ಉಂಟು. ಹಾಗಾಗಿ ಸಂಶಯ ಬಂದರೆ ಮೆಲ್ಟ್‌ಡೌನ್ ಎಂದೇ ತಿಳಿಯುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಬೈಗುಳ ಅಮ್ಮನ ಪಾಲಿಗೆ

ಪಶ್ಚಿಮದಲ್ಲಿ ಒಂದು ಕಾಲದಲ್ಲಿ ಆಟಿಸಂಗೆ ಅಮ್ಮನೇ ಕಾರಣ, ಅವಳ ಮನಸ್ಸು ತಣ್ಣಗಿದ್ದದ್ದೇ ಕಾರಣ ಎಂದು ನಂಬಿದ್ದರು. ಶಿಕಾಗೋದ ಬ್ರೂನೋ ಬೆಟೆಲ್‌ಹೈಮ್ 1960ರ ದಶಕದಲ್ಲಿ ಈ ಮಾತನ್ನು ಮನೆಮನೆಗೆ ತಲುಪಿಸಿದರು. ಆಟಿಸಂ ಇರುವ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ ಅದನ್ನು ಗಟ್ಟಿಯಾಗಿ ವಿರೋಧಿಸಿದ್ದರು. ಆ ವಾದ ಈಗ ಪೂರ್ತಿ ಬಿದ್ದುಹೋಗಿದೆ. ಅಲ್ಲಿ ಪ್ರೀತಿ ಕಡಿಮೆಯಾಯಿತು ಎಂದು ಅಮ್ಮನನ್ನು ಬೈದರು. ನಮ್ಮಲ್ಲಿ ‘ಮುದ್ದು ಜಾಸ್ತಿ ಮಾಡಿ ಹಾಳು ಮಾಡಿದ್ದಾಳೆ’ ಎಂದು ಬೈಯುತ್ತಾರೆ. ಎರಡೂ ಸುಳ್ಳು.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’, ‘ದಂಡಂ ದಶಗುಣಂ’ ಎನ್ನುವ ಹಿರಿಯರು ಕೆಟ್ಟವರಲ್ಲ. ಅವರ ಅನುಭವ ಬೇರೆ ಮಕ್ಕಳದು. ಮೈಕಿನ ಸದ್ದಿಗೆ ಹೆದರಿ ಓಡಿದ ಮಗುವಿಗೆ ಪೆಟ್ಟು ಬಿದ್ದರೆ, ಅದು ಸದ್ದನ್ನು ತಡೆದುಕೊಳ್ಳಲು ಕಲಿಯುವುದಿಲ್ಲ. ಹೆದರುವುದಕ್ಕೆ ಇನ್ನೊಂದು ಕಾರಣ ಸಿಗುತ್ತದೆ, ಅಷ್ಟೇ. ಜೊತೆಗೆ, ದೊಡ್ಡವರಿಗೆ ಸಿಟ್ಟು ಬಂದರೆ ಹೊಡೆಯುವುದು ಸರಿ ಎಂಬ ನಿಯಮವೂ ಅದಕ್ಕೆ ಗೊತ್ತಾಗುತ್ತದೆ. ನಿಯಮಗಳನ್ನು ಈ ಮಕ್ಕಳು ಮರೆಯುವುದಿಲ್ಲ. ಶಾಲೆಯಲ್ಲಿ ಹೊಡೆಯುವುದು, ಮಾನಸಿಕ ಹಿಂಸೆ ಕೊಡುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿಷಿದ್ಧ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಮಗುವಿಗೆ ಬೇಕಾದ ಹೊಂದಾಣಿಕೆಗಳನ್ನು ಮಾಡಿಕೊಡುವುದು ಶಾಲೆಯ ಕರ್ತವ್ಯ ಎಂದೂ ಅದು ಹೇಳುತ್ತದೆ. ‘ನಿಮ್ಮ ಮಗು ಹೊಂದಿಕೊಳ್ಳುತ್ತಿಲ್ಲ, ಟಿಸಿ ತಗೊಳ್ಳಿ’ ಎಂದು ಕೈತೊಳೆದುಕೊಳ್ಳುವ ಮೊದಲು ಶಾಲೆ ತಾನೇನು ಹೊಂದಿಕೊಂಡೆ ಎಂದು ಉತ್ತರಿಸಬೇಕಾಗುತ್ತದೆ.

ಬರೆದಿಟ್ಟು ನೋಡುವುದು

ಹಾಗಾದರೆ ಕಾರಣ ಹುಡುಕುವುದು ಹೇಗೆ? ಒಂದು ಹಳೆಯ ನೋಟ್‌ಬುಕ್ ಸಾಕು. ಪ್ರತಿ ಘಟನೆಗೆ ಮೂರು ವಿಷಯ ಬರೆಯಿರಿ. ಅದಕ್ಕೆ ಮೊದಲು ಏನಾಗಿತ್ತು? ಮಗು ಏನು ಮಾಡಿತು? ಆಮೇಲೆ ಏನಾಯಿತು? ದಿನ, ಹೊತ್ತು, ನಿದ್ದೆ, ಊಟವನ್ನೂ ಸೇರಿಸಿ. ‘ಹಠ ಮಾಡಿದ’ ಎಂದು ಬರೆಯಬೇಡಿ. ‘ಪುಸ್ತಕ ಎಸೆದ, ಮೇಜಿನ ಕೆಳಗೆ ಹೋದ’ ಎಂದು ಕಣ್ಣಿಗೆ ಕಂಡದ್ದನ್ನು ಬರೆಯಿರಿ. ಎರಡು ವಾರ ಬರೆದರೆ ಏನೋ ಒಂದು ಹೊಳೆಯತೊಡಗುತ್ತದೆ.

ಒಬ್ಬ ಹತ್ತು ವರ್ಷದ ಹುಡುಗ ಕನ್ನಡ ಹೋಮ್‌ವರ್ಕ್ ಹರಿಯುತ್ತಾನೆ ಅಂದುಕೊಳ್ಳಿ. ನೋಟ್‌ಬುಕ್ ನೋಡಿದರೆ, ಲೆಕ್ಕದ ದಿನ ಹರಿದಿಲ್ಲ. ಓದುವ ಪಾಠದ ದಿನವೂ ಹರಿದಿಲ್ಲ. ಒತ್ತಕ್ಷರ ಬರೆಯಬೇಕಾದ ದಿನ ಮಾತ್ರ ಹರಿದಿದ್ದಾನೆ. ಹರಿದ ಮೇಲೆ ಏನಾಗುತ್ತದೆ? ಅಪ್ಪ ಬೈಯುತ್ತಾನೆ, ಅಜ್ಜಿ ಸಮಾಧಾನ ಮಾಡುತ್ತಾಳೆ, ಆ ದಿನ ಬರೆಯುವುದು ನಿಂತುಹೋಗುತ್ತದೆ. ಅಂದರೆ ಹರಿಯುವುದು ಕೆಲಸ ಮಾಡುತ್ತಿದೆ. ಬರೆಯುವ ಕಷ್ಟದಿಂದ ಅವನನ್ನು ಪಾರು ಮಾಡುತ್ತಿದೆ. ಬೈಗುಳ ಅದರ ಬೆಲೆ, ಅವನು ಕೊಡಲು ತಯಾರು. ಇಲ್ಲಿ ಶಿಕ್ಷೆ ಹೆಚ್ಚಿಸಿದರೆ ಬೆಲೆ ಏರುತ್ತದೆ, ಬರವಣಿಗೆ ಸುಲಭವಾಗುವುದಿಲ್ಲ. ಬೆರಳುಗಳ ಹಿಡಿತ ಹೇಗಿದೆ ಎಂದು ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಲು ತರಬೇತಿ ಕೊಡುವವರು) ನೋಡಬೇಕು. ಹತ್ತು ಸಾಲಿನ ಬದಲು ಎರಡು ಸಾಲು ಸಾಕು ಎಂದು ಟೀಚರ್ ಒಪ್ಪಬೇಕು. ಮುಖ್ಯವಾಗಿ, ಹರಿಯುವುದರ ಬದಲು ಬೇರೆ ದಾರಿ ಕಲಿಸಬೇಕು.

ಈ ಕೊನೆಯ ಮಾತಿಗೆ ಗಟ್ಟಿ ಆಧಾರವಿದೆ. ಅಮೆರಿಕದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲಿ ಬೆಳವಣಿಗೆಯ ತೊಂದರೆ ಇರುವ ನಾಲ್ಕು ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದರು. ಕೆಲವರು ಕೆಲಸ ಕಷ್ಟವಾದಾಗ ರಂಪ ಮಾಡುತ್ತಿದ್ದರು, ಕೆಲವರು ದೊಡ್ಡವರ ಗಮನ ತಪ್ಪಿದಾಗ. ಮೊದಲ ಥರದವರಿಗೆ ‘ನಂಗೆ ಅರ್ಥ ಆಗ್ಲಿಲ್ಲ’ ಎಂದು, ಎರಡನೆಯವರಿಗೆ ‘ನಾನು ಚೆನ್ನಾಗಿ ಮಾಡ್ತಿದ್ದೀನಾ?’ ಎಂದು ಕೇಳಲು ಕಲಿಸಿದರು. ರಂಪ ಇಳಿಯಿತು. ಸರಿಯಾದ ಕಾರಣಕ್ಕೆ ಸರಿಯಾದ ಮಾತು ಕಲಿಸಿದಾಗ ಮಾತ್ರ ಇಳಿಯಿತು ಎಂಬುದು ಗಮನಿಸಬೇಕಾದ್ದು. ಮಾತು ಬಾರದ ಮಗುವಿಗೆ ‘ಸಾಕು’, ‘ಬ್ರೇಕ್’ ಎಂಬ ಚಿತ್ರದ ಕಾರ್ಡ್ ಇದೇ ಕೆಲಸ ಮಾಡುತ್ತದೆ. ಶುರುವಿನಲ್ಲಿ ಮಗು ಕಾರ್ಡ್ ತೋರಿಸಿದ ಪ್ರತಿ ಸಲವೂ ತಕ್ಷಣ ಬ್ರೇಕ್ ಕೊಡಬೇಕು. ‘ಇದೊಂದು ಮುಗಿಸು, ಆಮೇಲೆ’ ಎಂದರೆ ಕಾರ್ಡ್ ಸುಳ್ಳಾಗುತ್ತದೆ, ಮಗು ಹರಿಯುವುದಕ್ಕೆ ವಾಪಸ್ ಹೋಗುತ್ತದೆ.

ಎಲ್ಲವೂ ‘ಆಗ್ತಿಲ್ಲ’ ಅಲ್ಲ ಎಂಬುದನ್ನೂ ಒಪ್ಪಬೇಕು. ಕಿರುಚಿದರೆ ಮೊಬೈಲ್ ಸಿಗುತ್ತದೆ ಎಂದು ಆಟಿಸಂ ಇರುವ ಮಗುವೂ ಕಲಿಯುತ್ತದೆ. ಹತ್ತು ಸಲ ‘ಇಲ್ಲ’ ಎಂದು ಹನ್ನೊಂದನೇ ಸಲ ಕೊಟ್ಟರೆ, ಹನ್ನೊಂದು ಸಲ ಕಿರುಚಬೇಕು ಎಂಬ ಪಾಠ ಅದಕ್ಕೆ ಸಿಗುತ್ತದೆ. ಹಾಗಾಗಿ ಕೊಡುವುದಾದರೆ ಮೊದಲ ಸಲವೇ ಕೊಡಿ. ಕೊಡುವುದಿಲ್ಲವಾದರೆ ಅಜ್ಜ, ಅಜ್ಜಿ, ಚಿಕ್ಕಪ್ಪ ಎಲ್ಲರೂ ಒಂದೇ ಮಾತಿಗೆ ನಿಲ್ಲಿ. ಕೂಡು ಕುಟುಂಬದಲ್ಲಿ ಇದು ಹೇಳಿದಷ್ಟು ಸುಲಭವಲ್ಲ, ಗೊತ್ತು. ಯಾವುದಕ್ಕೆ ಕಟ್ಟುನಿಟ್ಟು ಎಂಬ ಪಟ್ಟಿಯನ್ನು ತೀರಾ ಚಿಕ್ಕದಾಗಿ ಇಟ್ಟರೆ ಮಾತ್ರ ಸಾಧ್ಯ: ಯಾರನ್ನೂ ಹೊಡೆಯುವಂತಿಲ್ಲ, ರಸ್ತೆಗೆ ಓಡುವಂತಿಲ್ಲ, ಅಂಥ ಮೂರು ನಾಲ್ಕು. ಅಂಗಿಯ ಬಣ್ಣ, ಊಟದ ತಟ್ಟೆ, ಕೂರುವ ಜಾಗ ಅದರದೇ ಆಯ್ಕೆಗೆ ಬಿಡಿ.

ಮನೆಯವರಿಗೆ ತರಬೇತಿ ಕೊಟ್ಟರೆ ಎಷ್ಟು ಉಪಯೋಗ ಎಂಬುದಕ್ಕೆ 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದಿದೆ. ಆಟಿಸಂ ಇರುವ, 3ರಿಂದ 7 ವರ್ಷದ 180 ಮಕ್ಕಳ ಪೋಷಕರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನಡವಳಿಕೆ ನಿಭಾಯಿಸುವ ತರಬೇತಿ, ಇನ್ನೊಂದಕ್ಕೆ ಆಟಿಸಂ ಬಗ್ಗೆ ತಿಳುವಳಿಕೆ ಮಾತ್ರ. 24 ವಾರಗಳ ನಂತರ ಪೋಷಕರೇ ಕೊಟ್ಟ ಅಂಕಗಳಲ್ಲಿ ಮಕ್ಕಳ ಸಿಡುಕು ಮೊದಲ ಗುಂಪಿನಲ್ಲಿ ಸುಮಾರು ಶೇ 48, ಎರಡನೆಯದರಲ್ಲಿ ಶೇ 32 ಇಳಿದಿತ್ತು. ತರಬೇತಿ ಗೆದ್ದಿತು, ಸರಿ. ನನಗೆ ಇನ್ನೂ ಹೆಚ್ಚು ಭರವಸೆ ಕೊಡುವುದು ಆ ಎರಡನೇ ಅಂಕಿ. ತರಬೇತಿ ಕೇಂದ್ರ ಹತ್ತಿರವಿಲ್ಲದ ಊರುಗಳಲ್ಲೂ ಸರಿಯಾದ ಮಾಹಿತಿಯನ್ನು ತಲುಪಿಸಬಹುದಲ್ಲ.

ಹದಿಹರೆಯ ಬಂದಾಗ

ಹನ್ನೆರಡು ಹದಿಮೂರು ದಾಟಿದ ಮೇಲೆ ಲೆಕ್ಕ ಬದಲಾಗುತ್ತದೆ. ಮಗ ಅಮ್ಮನಿಗಿಂತ ಎತ್ತರ. ಎತ್ತಿಕೊಂಡು ಕೋಣೆಗೆ ಕರೆದೊಯ್ಯುವ ಕಾಲ ಮುಗಿಯಿತು. ದೇಹ ಬದಲಾಗುತ್ತಿದೆ, ಪಾಠ ಕಷ್ಟವಾಗುತ್ತಿದೆ, ಗೆಳೆಯರ ಗುಂಪಿನ ಒಳನಿಯಮಗಳು ಅರ್ಥವಾಗುತ್ತಿಲ್ಲ. ಶಾಲೆಯಲ್ಲಿ ಕಾಡಿಸುವವರು ಇರಬಹುದು. ‘ಸ್ಕೂಲಿಗೆ ಹೋಗಲ್ಲ’ ಎಂಬ ಮಾತು ಬಂದರೆ ಮೊದಲು ಅದನ್ನೇ ವಿಚಾರಿಸಿ, ಬಾಯಲ್ಲಿ ಕೇಳಿದರೆ ಹೇಳದವರು ವಾಟ್ಸಾಪ್‌ನಲ್ಲಿ ಬರೆದು ಹೇಳಬಹುದು.

ಇನ್ನೊಂದು ಕಡೆ, ಈ ವಯಸ್ಸಿನ ‘ಇಲ್ಲ’ ಬೆಳವಣಿಗೆಯ ಭಾಗವೂ ಹೌದು. ಬೇರೆ ಹುಡುಗರು ಅಪ್ಪನಿಗೆ ಎದುರು ಮಾತಾಡಿದರೆ ‘ವಯಸ್ಸು’ ಎನ್ನುತ್ತೇವೆ. ಆಟಿಸಂ ಇರುವ ಹುಡುಗ ಅದನ್ನೇ ಮಾಡಿದರೆ ಕಾಯಿಲೆಯ ಹೆಸರು ಹುಡುಕುತ್ತೇವೆ. ಇದು ನ್ಯಾಯವಲ್ಲ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ದೊಡ್ಡವರು ಹೇಳಿದ್ದಕ್ಕೆಲ್ಲ ತಲೆಯಾಡಿಸಲು ವರ್ಷಗಟ್ಟಲೆ ಕಲಿಸಿದ ಮಗು, ಯಾರಾದರೂ ಕೆಟ್ಟದಾಗಿ ಮುಟ್ಟಿದಾಗಲೂ ತಲೆಯಾಡಿಸುತ್ತದೆ. ಬೇಡ ಎನ್ನಲು ಬರುವುದು ಈ ಮಕ್ಕಳ ರಕ್ಷಣೆ. ಅದನ್ನು ಕಿತ್ತುಹಾಕುವ ಯಾವ ಥೆರಪಿಯನ್ನೂ ನಾನು ಒಳ್ಳೆಯದು ಎನ್ನಲಾರೆ. ‘ಬೇಡ’ವನ್ನು ಹೊಡೆಯದೆ, ಒಡೆಯದೆ ಹೇಳುವುದು ಹೇಗೆ ಎಂದು ಕಲಿಸಬೇಕು.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಸ್ ಗ್ರೀನ್ ಸಿಡುಕಿನ ಮಕ್ಕಳ ಜೊತೆ ಮಾತುಕತೆಗೆ ಒಂದು ಕ್ರಮ ಹಾಕಿಕೊಟ್ಟಿದ್ದಾರೆ. ಮೊದಲು ಮಗುವಿನ ತೊಂದರೆ ಕೇಳುವುದು. ಆಮೇಲೆ ದೊಡ್ಡವರ ಚಿಂತೆ ಹೇಳುವುದು. ಕೊನೆಗೆ ಇಬ್ಬರಿಗೂ ಒಪ್ಪುವ ದಾರಿಯನ್ನು ಒಟ್ಟಿಗೆ ಹುಡುಕುವುದು. ಜಗಳದ ನಡುವೆ ಅಲ್ಲ, ಶಾಂತವಾಗಿರುವಾಗ. ಹದಿನಾಲ್ಕರ ಹುಡುಗನೊಬ್ಬ ಸ್ನಾನ ಮಾಡುವುದಿಲ್ಲ ಅಂದುಕೊಳ್ಳಿ. ‘ವಾಸನೆ ಬರ್ತಿದೆ, ಹೋಗು’ ಎಂದು ದಿನಾ ಕೂಗಾಟ. ಸಮಾಧಾನವಾಗಿ ಕೇಳಿದಾಗ, ಕೇಳಿ ಸುಮ್ಮನೆ ಕಾದಾಗ, ಅವನ ತೊಂದರೆ ನೀರಲ್ಲ ಎಂದು ಗೊತ್ತಾಗುತ್ತದೆ. ಗೀಸರ್‌ನ ನೀರು ಬಕೆಟ್ಟಿಗೆ ಬೀಳುವ ಸದ್ದು ಮುಚ್ಚಿದ ಬಾತ್‌ರೂಮಿನಲ್ಲಿ ತಡೆಯಲಾಗದು. ಜೊತೆಗೆ, ಬೆಳಗ್ಗೆ ಯಾವಾಗ ಬಾಗಿಲು ಬಡಿಯುತ್ತಾರೋ ಎಂಬ ದಿಗಿಲು. ಬಕೆಟ್ ಮೊದಲೇ ತುಂಬಿಸಿಡುವುದು, ರಾತ್ರಿ ಎಂಟಕ್ಕೆ ಸ್ನಾನ, ಯಾರೂ ಬಾಗಿಲು ಬಡಿಯುವುದಿಲ್ಲ ಎಂಬ ಒಪ್ಪಂದ. ಒಂದೇ ಮಾತುಕತೆಗೆ ಇದೆಲ್ಲ ಆಗುವುದಿಲ್ಲ. ಕೆಲವು ಸಲ ಮೊದಲ ಪ್ರಶ್ನೆಗೇ ‘ಗೊತ್ತಿಲ್ಲ’ ಎಂಬ ಉತ್ತರ ಬಂದು ನಿಲ್ಲುತ್ತದೆ. ಆಗ ಎರಡು ದಿನ ಬಿಟ್ಟು ಮತ್ತೆ ಕೇಳಬೇಕು.

ಮಾತ್ರೆ, ಮತ್ತು ಡಾಕ್ಟರ್ ಹತ್ತಿರ ಹೋಗುವ ಮೊದಲು

ಒಡಿಡಿಗೆ ಮಾತ್ರೆ ಇಲ್ಲ. ಆಟಿಸಂಗೂ ಇಲ್ಲ. ಆಟಿಸಂ ಜೊತೆಗಿನ ತೀವ್ರ ಸಿಡುಕು ಮತ್ತು ಹೊಡೆತಕ್ಕೆ ಅಮೆರಿಕದ ಔಷಧ ಇಲಾಖೆ ಎರಡು ಔಷಧಿಗಳಿಗೆ ಒಪ್ಪಿಗೆ ಕೊಟ್ಟಿದೆ. 2006ರಲ್ಲಿ ರಿಸ್ಪೆರಿಡೋನ್, 2009ರಲ್ಲಿ ಅರಿಪಿಪ್ರಜೋಲ್. ಭಾರತದಲ್ಲೂ ಡಾಕ್ಟರುಗಳು ಇವನ್ನು ಬರೆಯುತ್ತಾರೆ. ರಿಸ್ಪೆರಿಡೋನ್ ಬಗ್ಗೆ 2002ರಲ್ಲಿ ಬಂದ ಪ್ರಯೋಗದಲ್ಲಿ 101 ಮಕ್ಕಳಿದ್ದರು. ಎಂಟು ವಾರಗಳಲ್ಲಿ ಔಷಧಿ ತಗೊಂಡವರಲ್ಲಿ ಶೇ 69 ಮಕ್ಕಳು ಸಾಕಷ್ಟು ಸುಧಾರಿಸಿದರು, ಬರೀ ಸಕ್ಕರೆ ಮಾತ್ರೆಯಂಥದ್ದು ತಗೊಂಡವರಲ್ಲಿ ಶೇ 12. ಇದು ದೊಡ್ಡ ವ್ಯತ್ಯಾಸ. ಅದೇ ಎಂಟು ವಾರಗಳಲ್ಲಿ ಔಷಧಿಯ ಗುಂಪಿನ ಮಕ್ಕಳ ತೂಕ ಸರಾಸರಿ 2.7 ಕಿಲೋ ಏರಿತ್ತು, ಇನ್ನೊಂದು ಗುಂಪಿನಲ್ಲಿ 0.8 ಕಿಲೋ. ಹಸಿವು, ನಿದ್ದೆಮಂಪರು ಹೆಚ್ಚುತ್ತದೆ. ತೂಕ, ರಕ್ತದ ಸಕ್ಕರೆ, ಕೊಬ್ಬಿನ ಅಂಶ ಆಗಾಗ ನೋಡುತ್ತಿರಬೇಕು. ಮಗು ತನಗೋ ಬೇರೆಯವರಿಗೋ ಗಾಯ ಮಾಡುತ್ತಿದ್ದರೆ ಔಷಧಿ ಒಂದು ಉಸಿರಾಡುವ ಬಿಡುವು ಕೊಡಬಹುದು, ಅದನ್ನು ಬೇಡ ಎನ್ನುವ ಹಟವೂ ಸರಿಯಲ್ಲ. ಆ ಬಿಡುವಿನಲ್ಲಿ ಉಳಿದ ಕೆಲಸ ಆಗಬೇಕು. ಒಮ್ಮೆ ಶುರು ಮಾಡಿದ್ದನ್ನು ಡಾಕ್ಟರನ್ನು ಕೇಳದೆ ದಿಢೀರ್ ನಿಲ್ಲಿಸಬಾರದು.

ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವಿದೆ. ಮಾತು, ಸಂವಹನದ ವಿಷಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಜಿಲ್ಲಾ ಮಟ್ಟದಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ನಡೆಯುವ ಮಕ್ಕಳ ಆರಂಭಿಕ ತಪಾಸಣಾ ಕೇಂದ್ರಗಳನ್ನು ವಿಚಾರಿಸಬಹುದು. ಅಮ್ಮ ಅಪ್ಪ ತಾವೇ ಕುಸಿಯುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ. ನಿದ್ದೆಯ ಹೊತ್ತು, ಎಷ್ಟು ದಿನಕ್ಕೊಮ್ಮೆ ಮಲ ಹೋಗುತ್ತದೆ, ಯಾವ ಔಷಧಿ ಎಂದಿನಿಂದ, ಶಾಲೆಯವರು ಏನೆನ್ನುತ್ತಾರೆ ಎಂದು ಬರೆದುಕೊಂಡು ಹೋಗಿ. ‘ಎಲ್ಲದಕ್ಕೂ ಹಠ’ ಎಂದು ಹೇಳಿದರೆ ಡಾಕ್ಟರಿಗೆ ಏನೂ ಸಿಗುವುದಿಲ್ಲ. ‘ಎರಡು ವಾರದಲ್ಲಿ ಹನ್ನೊಂದು ಸಲ, ಅದರಲ್ಲಿ ಎಂಟು ಸಲ ಬರೆಯುವ ಹೊತ್ತಿಗೆ’ ಎಂದರೆ ಮಾತುಕತೆಯೇ ಬದಲಾಗುತ್ತದೆ. ಚೀಟಿಯಲ್ಲಿ ಒಡಿಡಿ ಎಂದು ಬರೆದರೆ ಕೇಳಿ: ನೋವು, ನಿದ್ದೆ, ಆತಂಕ, ಎಡಿಎಚ್‌ಡಿ ಇವನ್ನು ನೋಡಿದ್ದಾಯಿತಾ? ಈ ಹೆಸರಿನಿಂದ ನಮ್ಮ ಮಗುವಿಗೆ ಸಿಗುವ ಸಹಾಯದಲ್ಲಿ ಏನು ಬದಲಾಗುತ್ತದೆ? ಕೇಳುವುದು ನಿಮ್ಮ ಹಕ್ಕು, ಒಳ್ಳೆಯ ಡಾಕ್ಟರ್ ಬೇಸರ ಮಾಡಿಕೊಳ್ಳುವುದಿಲ್ಲ. ಮಗು ಹನ್ನೆರಡು ದಾಟಿದ್ದರೆ, ಅದರ ಕಷ್ಟಗಳನ್ನು ಅದರ ಎದುರಿಗೇ ಪಟ್ಟಿ ಮಾಡಿ ಹೇಳಬೇಡಿ. ಮೊದಲೇ ಬರೆದು ಕೊಡಿ, ಮತ್ತು ಡಾಕ್ಟರ್ ಮೊದಲ ಪ್ರಶ್ನೆಯನ್ನು ಮಗುವಿಗೇ ಕೇಳಲಿ.